ಸಿದ್ದಾರೂಢನ ಮೇಲಿನ ಹೊಟ್ಟೆಕಿಚ್ಚು

ಡಫಳಾಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ಮಹಾಂತನಿಗೆ ಹೆಂಡತಿ ಉಮಾಶ್ರೀಯ ಮೇಲೆ ಹೊಟ್ಟೆಕಿಚ್ಚು. ಅವಳಿಗೆ ಚೆಸ್ ಕಲಿಸಿದವನು ತಾನು, ಮೊಬೈಲಿನಲ್ಲಿ ಒಂದು ನಿಮಿಷದ ಆಟಕ್ಕೆ ಖಾತೆ ತೆರೆದುಕೊಟ್ಟವನೂ ತಾನೇ. ಈಗ ನೋಡಿದರೆ ರೇಟಿಂಗಿನಲ್ಲಿ ಅವಳೆಲ್ಲೋ, ಇವನೆಲ್ಲೋ. ಅವಳದೋ ಗ್ಯಾಂಬಿಟ್ಟಿನ ಆಟ: ಶುರುವಿಗೇ ಒಂದು ಪ್ಯಾದೆಯನ್ನು ಪುಕ್ಕಟೆ ಕೊಟ್ಟುಬಿಡುವುದು, ಎದುರಿನವನು ಆಸೆಗೆ ಬಿದ್ದು ಅದನ್ನು ತಿನ್ನುವಷ್ಟರಲ್ಲಿ ಕುದುರೆ, ಒಂಟೆಗಳನ್ನೆಲ್ಲ ಅವನ ರಾಜನ ಬಾಗಿಲಿಗೆ ತಂದು ನಿಲ್ಲಿಸುವುದು. ಯೋಚಿಸಲು ಅವನಿಗೆ ಹೊತ್ತೆಲ್ಲಿ? ಗಡಿಯಾರ ಓಡುತ್ತಿರುತ್ತದೆ. ಇಂಥ ಹುಚ್ಚು ಧೈರ್ಯ ತನಗೇಕೆ ಬರಲಿಲ್ಲ ಎಂದು ಮಹಾಂತ ಒಳಗೊಳಗೇ ಕುದಿಯುತ್ತಿದ್ದ.

ಒಂದೇ ಸಮಾಧಾನವೆಂದರೆ, ಮನೆಯ ಮರದ ಹಲಗೆಯ ಮೇಲೆ ಇಬ್ಬರೂ ಎದುರುಬದುರು ಕೂತಾಗ ಗೆಲ್ಲುವವನು ಇವನೇ. ಗಿರಾಕಿಗಳ ಮುಂದೆ ಅದನ್ನೇ ಹೇಳಿಕೊಂಡು ಮೀಸೆ ತಿರುವುತ್ತಿದ್ದ.

ಆ ಜಂಬದಲ್ಲೇ ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೂತು, ಸಿದ್ದಾರೂಢ ಎಂಬ ಸುಳ್ಳು ಹೆಸರಿನಲ್ಲಿ ಖಾತೆ ತೆರೆದು ಹೆಂಡತಿಯನ್ನು ಆಟಕ್ಕೆ ಕರೆದ. ಅವಳ ರೇಟಿಂಗ್ ಇಳಿಸಬೇಕು, ಅಷ್ಟೇ. ಮನೆಯಲ್ಲಿದ್ದ ಅವಳು ಒಪ್ಪಿದಳು. ಪ್ಯಾದೆ ಕೊಟ್ಟಳು, ಹಿಂದೆಯೇ ಕುದುರೆ ಕೊಟ್ಟಳು, ಕಡೆಗೆ ವಜೀರನನ್ನೂ ಕೊಟ್ಟು ಇವನ ರಾಜನನ್ನು ಮೂಲೆಯಲ್ಲಿ ಕಟ್ಟಿಹಾಕಿದಳು. ಮತ್ತೆ ಆಡಿದ, ಮತ್ತೆ ಸೋತ. ಸೋತರೂ ಮೈ ಜುಮ್ಮೆಂದಿತು, ಅಷ್ಟು ಚೆಂದದ ಆಟ ಅದು. ಮನೆಯಲ್ಲಿ ಅವಳು ಒಮ್ಮೆಯೂ ಹಾಗೆ ಆಡಿರಲಿಲ್ಲ. ಆಗ ಅವನಿಗೆ ಹೊಳೆಯಿತು. ಗಂಡನ ಹೆಸರು ಹೇಳಬಾರದೆಂದು ಕಲಿತು ಬಂದವಳು, ಗಂಡನ ರಾಜನಿಗೆ ಶಹ ಹೇಳುವುದೂ ಸಲ್ಲದೆಂದು ಇಷ್ಟು ದಿನ ಬೇಕೆಂದೇ ಸೋಲುತ್ತಿದ್ದಳು.

ಸಂಜೆ ರೊಟ್ಟಿ ಬಡಿಯುತ್ತ ಅವಳೇ ಮಾತು ತೆಗೆದಳು.

"ಸಿದ್ದಾರೂಢ ಅಂತ ಒಬ್ಬರು ಸಿಕ್ಕಿದ್ರು. ಸೋತ್ರೂ ಮತ್ತ ಬರ್ತಾರ. ಅವರ ಜೋಡಿ ಆಡಾಕ ಭಾಳ ಚಲೋ ಅನಸ್ತು ನೋಡ್ರಿ."

ಮದುವೆಯ ದಿನ ಹೆಂಗಸರ ಒತ್ತಾಯಕ್ಕೆ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ಮಹಾಂತ ಎಂಬ ಹೆಸರು ಆ ಬಾಯಲ್ಲಿ ಬಂದದ್ದಿಲ್ಲ. ಈ ಸಿದ್ದಾರೂಢನ ಹೆಸರು ಎಷ್ಟು ಸಲೀಸಾಗಿ ಬಂತು! ಇಲ್ಲದ ಮನುಷ್ಯನ ಮೇಲೆ ಅವನಿಗೆ ಮೈಯೆಲ್ಲ ಉರಿಯಿತು. ಅವನೇ ನಾನು ಎಂದು ಹೇಳೋಣವೆಂದರೆ ಮಾನ ಅಡ್ಡ ಬಂತು.

"ಅವನ ಜೋಡಿ ಇನ್ನ ಆಡಬ್ಯಾಡ" ಅಂದ.

ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿ ಹಾಕಿದಳು. "ಆತ್ರಿ."

ಊಟವಾದ ಮೇಲೆ ಹಲಗೆ ಇಟ್ಟು, ನಿನ್ನ ಖರೆ ಆಟ ಆಡು ಎಂದು ಅಂಗಲಾಚಿದ. ಅವಳು ನಕ್ಕು, ಎಂದಿನಂತೆ ಅಂಜಂಜುತ್ತ ಆಡಿ, ವಜೀರನನ್ನು ಕಳೆದುಕೊಂಡು, ನೀವೇ ಗೆದ್ದಿರಿ ಎಂದು ಕಾಯಿಗಳನ್ನು ಡಬ್ಬಿಗೆ ತುಂಬಿಟ್ಟಳು.

ಮರುದಿನ ಮಧ್ಯಾಹ್ನ ಮಹಾಂತನಿಗೆ ತಡೆಯಲಾಗಲಿಲ್ಲ. ಆ ಆಟ ಇನ್ನೊಮ್ಮೆ ಬೇಕಾಗಿತ್ತು. ಸಿದ್ದಾರೂಢನಾಗಿ ಅವಳನ್ನು ಕರೆದ. ಅವಳು ಒಲ್ಲೆನೆಂದಳು. ಮತ್ತೆ ಕರೆದ. ಸ್ವಲ್ಪ ಹೊತ್ತಿಗೆ ಅವಳ ಉತ್ತರ ಮೊಬೈಲಿಗೆ ಬಂತು.

"ನಮ್ಮ ಮನಿಯವರು ಬ್ಯಾಡ ಅಂದಾರ್ರಿ."