ಐಸಕ್ಕನ ಮೂರನೇ ಟ್ಯೂಬು

"ನಿನ್ ರಕ್ತ ಮತ್ತೆ ಕೆಟ್ಟೋಗಿದೆ. ಇನ್ನೊಂದ್ ಸಲ ಬಾ. ಗುಳಿಗೆ ನುಂಗದೆ ಯಾರ್ ಜೊತೆ ತಿರುಗ್ತಿದ್ಯೋ ಏನೋ!"

ಲ್ಯಾಬಿನ ಸಾಹೇಬ ಕಿಟಕಿಯಿಂದ ಚೀಟಿ ಎಸೆದ. ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು.

ಐಸಕ್ಕ ಬಗ್ಗಿ ಚೀಟಿ ಎತ್ತಿಕೊಂಡಳು. ಐಸ್ ಫ್ಯಾಕ್ಟರಿಯಲ್ಲಿ ಹದಿನಾರು ವರ್ಷದಿಂದ ಗಡ್ಡೆ ಒಡೆಯುವವಳಿಗೆ ಹೆತ್ತವರಿಟ್ಟ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಗಂಡನೆಂಬ ಮಹಾಶಯ ಎಚ್‌ಐವಿ ಕೊಟ್ಟು ತಾನು ಮೊದಲೇ ಹೊರಟುಬಿಟ್ಟಿದ್ದ. ಒಂಬತ್ತು ವರ್ಷ ಒಂದು ದಿನವೂ ತಪ್ಪದೆ ನುಂಗಿದ ಗುಳಿಗೆಗೆ ಒಳಗಿನ ವೈರಸ್ಸು ಈಗ ಸೊಪ್ಪು ಹಾಕುತ್ತಿರಲಿಲ್ಲ. ಬೇರೆ ಯಾವ ಔಷಧಕ್ಕೆ ಅದು ಬಗ್ಗುತ್ತದೆಂದು ತಿಳಿಯಲು ರಕ್ತವನ್ನು ತಣ್ಣಗಿಟ್ಟು ದೊಡ್ಡ ಲ್ಯಾಬಿಗೆ ಕಳಿಸಬೇಕು. ಎರಡು ಸಲ ಕೊಟ್ಟಳು, ಎರಡು ಸಲವೂ ಕೆಟ್ಟಿತು. ರಿಪೋರ್ಟು ಬರುವವರೆಗೆ ಅದೇ ಕೆಲಸಕ್ಕೆ ಬಾರದ ಗುಳಿಗೆ. ಇಡೀ ಗಡ್ಡೆ ಹೊರುತ್ತಿದ್ದವಳಿಗೆ ಈಗ ಕಾಲು ಗಡ್ಡೆಯೂ ಭಾರ. ಸಾಯುವ ಭಯ ಅವಳಿಗಿತ್ತು, ಚೆನ್ನಾಗಿಯೇ ಇತ್ತು.

ಮರುವಾರ ನರ್ಸಮ್ಮ ಮೂರನೇ ಸಲ ರಕ್ತ ತೆಗೆದಳು. ಸಾಹೇಬ ಟೀ ಕುಡಿಯಲು ಹೋಗಿದ್ದ.

"ಸಿಸ್ಟರ್, ಇದನ್ನ ಎಲ್ಲಿಡ್ತೀರಿ?"

"ಕಿಟಕಿ ಹತ್ರ ಅಕ್ಕ. ಫ್ರಿಜ್ಜಲ್ಲಿ ಜಾಗ ಎಲ್ಲಿದೆ? ಸಾಹೇಬ್ರ ನೀರು, ಜ್ಯೂಸು, ಹಣ್ಣು... ನಾನ್ ಹೇಳ್ದೆ ಅನ್ಬೇಡಿ, ಕೆಲಸ ಹೋಗುತ್ತೆ."

ಕಿಟಕಿಯ ಕಟ್ಟೆ ಬಿಸಿಲಿಗೆ ಕಾದಿತ್ತು. ಐಸಕ್ಕನ ಮೈಯೆಲ್ಲ ಉರಿದುಹೋಯಿತು.

"ಅಯ್ಯೋ, ಇವನ ಮನೆ ಹಾಳಾಗ! ಸತ್ತ ಮೀನನ್ನೇ ನಾವು ಐಸ್ ಹಾಕಿ ವಾರಗಟ್ಟಲೆ ಕೆಡದಂಗೆ ಇಡ್ತೀವಿ. ಬದುಕಿರೋಳ ರಕ್ತ ಅರ್ಧ ದಿನ ಇಡಕ್ಕಾಗಲ್ವಾ ಈ ನನ್ಮಗನಿಗೆ?"

ಸೀದಾ ಒಳಗೆ ನುಗ್ಗಿ ಫ್ರಿಜ್ಜು ತೆರೆದಳು. ಬಾಟಲಿಗಳನ್ನೆಲ್ಲ ಈಚೆ ತೆಗೆದು ಬಿಸಿಲಿನ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು. ತನ್ನ ಟ್ಯೂಬನ್ನು ಒಳಗಿಟ್ಟು, ಬಾಗಿಲು ಹಾಕಿ, ಅದಕ್ಕೇ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಳು. ನರ್ಸಮ್ಮ ಗೋಡೆಯ ಕಡೆ ತಿರುಗಿ ನಗು ನುಂಗಿಕೊಂಡಳು.

ಸಾಹೇಬ ಬೆವರೊರೆಸುತ್ತ ಬಂದ.

"ಏಯ್, ಯಾರೇ ನೀನು? ನನ್ ನೀರೆಲ್ಲಿ?"

ಐಸಕ್ಕ ಕಿಟಕಿಯ ಕಡೆ ಗದ್ದ ಎತ್ತಿ ತೋರಿಸಿದಳು.

"ನಿಮ್ದು ಕೆಟ್ಟೋಗಿದೆ ಸಾಹೇಬ್ರೆ. ಇನ್ನೊಂದ್ ಸಲ ಬನ್ನಿ."

ಹೊರಗಿನ ಸಾಲು ಗೊಳ್ಳೆಂದು ನಕ್ಕಿತು.

"ಏಳೇ ಮೇಲೆ! ಪೊಲೀಸ್ ಕರೀತೀನಿ!"

"ಕರೀರಿ. ಅವರೂ ಕೂತ್ಕೊಳ್ಳಲಿ. ರಕ್ತ ಒಯ್ಯೋ ವ್ಯಾನ್ ಬರೋವರೆಗೂ ನಾನು ಏಳಲ್ಲ."

ಸಾಹೇಬ ಅವಳ ರಟ್ಟೆ ಹಿಡಿದು ಜಗ್ಗಿದ. ಐಸಕ್ಕ ಹಿಮ್ಮಡಿಯನ್ನು ನೆಲಕ್ಕೆ ಊರಿ ಬೆನ್ನನ್ನು ಇನ್ನಷ್ಟು ಒತ್ತಿದಳು. ಸಾಲಿನಲ್ಲಿದ್ದ ಮುದುಕನೊಬ್ಬ ಒಳಗೆ ಬಂದು ಅವಳ ಪಕ್ಕ ಕುಳಿತ. ಅವನ ಕೈಯಲ್ಲೂ ಕಟ್ಟೆಯಿಂದ ಎತ್ತಿಕೊಂಡ ಒಂದು ಟ್ಯೂಬು ಇತ್ತು.