ಇಬ್ಬರು ಎತ್ತುವ ಪೆಟ್ಟಿಗೆ

ಆ ವರ್ಷ ಸೀಸನ್ನಿನ ಚೀಟಿಯನ್ನು ಹಾಜರಿ ಯಂತ್ರದ ಪಕ್ಕದಲ್ಲೇ ಅಂಟಿಸಿದ್ದರು. ಬೆರಳು ಒತ್ತಲು ಬಂದವರು ಓದದೆ ಹೋಗುವ ಹಾಗಿರಲಿಲ್ಲ. ವರ್ಷದ ಕೊನೆಯ ಐದು ವಾರ, ವಾರಕ್ಕೆ ಆರು ದಿನ, ದಿನಕ್ಕೆ ಹನ್ನೆರಡು ಗಂಟೆ ಕೆಲಸ ಕಡ್ಡಾಯ; ಯಾವ ಕಾರಣಕ್ಕೂ ರಜೆ ಇಲ್ಲ. ಕೆಳಗೆ ದಪ್ಪಕ್ಷರದಲ್ಲಿ, ನಿಮ್ಮ ಸಹಕಾರಕ್ಕೆ ಧನ್ಯವಾದ.

"ಸಹಕಾರ ಕೊಡ್ತೀವಿ ಅಂತ ಯಾರಪ್ಪಾ ಹೇಳಿದ್ದು?" ಎಂದ ಒಬ್ಬ ಡ್ರೈವರ್.

"ಕೊಡೋದೇನು ಬಂತು? ಕಿತ್ಕೊಂಡು ಆಮೇಲೆ ಥ್ಯಾಂಕ್ಸ್ ಹೇಳಿದ್ದಾರೆ. ಮರ್ಯಾದಸ್ಥರು," ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು.

ಗೋದಾಮಿನಲ್ಲಿ ಎಲ್ಲರಿಗೂ ಅವಳು ಅಕ್ಕ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ವರ್ಷ ವ್ಯಾನಿನ ಸ್ಟೀರಿಂಗ್ ಹಿಡಿದವಳು, ಮನೆಮನೆಗೆ ಪಾರ್ಸೆಲ್ ಹಂಚುತ್ತಾ ಹನ್ನೊಂದು ವರ್ಷ ಕಳೆದಿದ್ದಳು. ಆದರೆ ಹುಟ್ಟಿನಿಂದ ಅವಳನ್ನು ಅಕ್ಕ ಎಂದವನು ಅಲ್ಲಿ ಒಬ್ಬನೇ ಇದ್ದ, ಅವಳ ಒಡಹುಟ್ಟಿದ ತಮ್ಮ. ಅವನು ಬಡಗಿ. ಕೆಲಸ ಮಾಡುತ್ತಿದ್ದ ಪೀಠೋಪಕರಣದ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಿದ್ದಾಗ ಅವಳೇ ಸೂಪರ್‌ವೈಸರ್ ಮುಂದೆ ನಿಂತು, "ನನ್ ತಮ್ಮ ಅಂದ್ರೆ ನಾನೇ ಅಂದ್ಕೊಳ್ಳಿ ಸಾರ್" ಎಂದು ಹೇಳಿ ಕೆಲಸಕ್ಕೆ ಸೇರಿಸಿದ್ದಳು. ಅದಾಗಿ ಎರಡು ವರ್ಷವಾಗಿತ್ತು.

ಬೇರೆ ತಿಂಗಳುಗಳಲ್ಲಿ ದಿನಕ್ಕೆ ನೂರ ಹತ್ತು ಮನೆ. ಸೀಸನ್ನಿನಲ್ಲಿ ಅದು ನೂರ ತೊಂಬತ್ತಕ್ಕೆ ಏರಿತು. ವ್ಯಾನಿನಿಂದ ಇಳಿಯುವಾಗ ಪ್ರತಿ ಸಲವೂ ಬಲಗಾಲೇ ಮೊದಲು ನೆಲಕ್ಕೆ ತಾಗುತ್ತದೆ. ಇಡೀ ಮೈಯ ಭಾರ ಆ ಒಂದು ಮಂಡಿಯ ಮೇಲೆ. ಅಕ್ಕನ ಬಲಮಂಡಿ ಎರಡನೆಯ ವಾರಕ್ಕೇ ಊದಿ ಪ್ಯಾಂಟಿನ ಒಳಗೆ ಬಿಗಿಯಾಯಿತು. ಬೆಳಿಗ್ಗೆ ಬಲಗೈ ಹೆಬ್ಬೆರಳಿಗೆ ಸ್ಪರ್ಶವೇ ಇರುತ್ತಿರಲಿಲ್ಲ, ಬಿಸಿನೀರಲ್ಲಿ ಅದ್ದಿದ ಮೇಲೆ ಜೀವ ಬರುತ್ತಿತ್ತು. ಶೌಚಕ್ಕೆ ನಿಲ್ಲಿಸಿದರೆ ಹತ್ತು ನಿಮಿಷ ಹೋಗುತ್ತದೆಂದು ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಕೈಯಲ್ಲಿದ್ದ, ಪಾರ್ಸೆಲ್ ಲೆಕ್ಕ ಇಡುವ ಯಂತ್ರಕ್ಕೆ ಇದೆಲ್ಲ ಗೊತ್ತಿಲ್ಲ. ನಾಲ್ಕು ನಿಮಿಷ ನಿಂತರೆ ಸಾಕು, ಕೆಂಪಾಗಿ ಕಿರುಚುತ್ತಿತ್ತು: ನೀವು ಹಿಂದೆ ಬಿದ್ದಿದ್ದೀರಿ.

ತಮ್ಮನಿಗೆ ಬೆನ್ನುನೋವು. ಮೂರನೆಯ ವಾರದ ಒಂದು ಬೆಳಿಗ್ಗೆ ಪಾರ್ಸೆಲ್ ತುಂಬುವಾಗ ಅವನು ವ್ಯಾನಿನ ಬಾಗಿಲು ಹಿಡಿದು ಒಂದು ಗಳಿಗೆ ಸುಮ್ಮನೆ ನಿಂತುಬಿಟ್ಟ.

"ಏನಾಯ್ತೋ?"

"ಸೊಂಟದಿಂದ ಕಾಲಿಗೆ ಏನೋ ಕರೆಂಟ್ ಹೊಡೆದ ಹಾಗಾಗುತ್ತೆ ಕಣೇ. ಒಂದಿನ ರಜೆ ಕೇಳ್ದೆ. ಸೀಸನ್ನಲ್ಲಿ ರಜೆ ತಗೊಂಡವನು ಸೀಸನ್ ಮುಗಿದ ಮೇಲೂ ರಜೇಲೇ ಇರಬಹುದು ಅಂದ ಸೂಪರ್‌ವೈಸರ್. ನಗ್ತಾನೇ ಅಂದ."

"ಇನ್ನೆರಡು ವಾರ ತಾನೆ? ಹಲ್ಲು ಕಚ್ಕೊಂಡು ತಳ್ಳಿಬಿಡು. ನಾನು ತಳ್ತಿಲ್ವಾ?" ಎಂದಳು ಅಕ್ಕ. ತನ್ನ ಜೇಬಿನಲ್ಲಿದ್ದ ಎರಡು ನೋವಿನ ಮಾತ್ರೆ ಅವನ ಕೈಗಿಟ್ಟಳು. ಅವನು ಒಂದು ನುಂಗಿ ಇನ್ನೊಂದನ್ನು ವಾಪಸು ಕೊಟ್ಟ. "ನಿನ್ನ ಮಂಡಿಗೂ ಬೇಕಲ್ಲ."

ಅದಾದ ಐದನೆಯ ದಿನ, ಮಧ್ಯಾಹ್ನ ಎರಡೂವರೆಗೆ ಅವನ ಫೋನು ಬಂತು. ಅವಳು ಪಕ್ಕದ ಬಡಾವಣೆಯಲ್ಲೇ ಇದ್ದಳು.

"ಅಕ್ಕಾ, ಐವತ್ತೆಂಟು ಕೆಜಿ ಪೆಟ್ಟಿಗೆ. ವ್ಯಾಯಾಮದ ಮೆಷಿನ್ನಂತೆ. ಮೂರನೇ ಮಹಡಿ, ಲಿಫ್ಟ್ ಕೆಟ್ಟಿದೆ. ಪೆಟ್ಟಿಗೆ ಮೇಲೆ ಇಬ್ಬರು ಎತ್ತಬೇಕು ಅಂತ ಚಿತ್ರನೇ ಬರೆದವ್ರೆ. ಆಫೀಸಿಗೆ ಫೋನ್ ಮಾಡಿದ್ರೆ ಜನ ಇಲ್ಲ, ನೀನೇ ನೋಡ್ಕೋ ಅಂದ್ರು. ಹತ್ತು ನಿಮಿಷ ಬಂದು ಹೋಗ್ತೀಯಾ?"

ಅವಳು ಯಂತ್ರ ನೋಡಿದಳು. ಇಪ್ಪತ್ತೆರಡು ಮನೆ ಹಿಂದೆ ಬಿದ್ದಿದ್ದಳು. ಒಂದು ಕೈಯಲ್ಲಿ ಪಾರ್ಸೆಲ್, ಕಿವಿಗೂ ಭುಜಕ್ಕೂ ನಡುವೆ ಫೋನು, ಎದುರಿಗೆ ಬಾಗಿಲು ತೆಗೆಯದ ಮನೆ.

"ಹತ್ತು ನಿಮಿಷ ಎಲ್ಲಿಂದ ತರ್ಲೋ? ಒಂದೊಂದೇ ಮೆಟ್ಟಿಲು ನಿಧಾನವಾಗಿ ಹತ್ತಿಸು. ಆಗುತ್ತೆ," ಎಂದಳು.

"ಸರಿ ಬಿಡು," ಎಂದು ಅವನು ಫೋನಿಟ್ಟ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಏನೋ, ನಾಲ್ಕು ಮನೆ ಮುಗಿಸುವಷ್ಟರಲ್ಲಿ ಅವಳ ಮನಸ್ಸು ತಡೆಯಲಿಲ್ಲ. ಯಂತ್ರ ಕಿರುಚಿಕೊಳ್ಳಲಿ ಎಂದು ವ್ಯಾನು ತಿರುಗಿಸಿದಳು.

ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಗೋಡೆಗೊರಗಿ ಕೂತಿದ್ದ. ಪೆಟ್ಟಿಗೆ ನಾಲ್ಕು ಮೆಟ್ಟಿಲು ಕೆಳಗೆ ಮಗ್ಗುಲಾಗಿ ಬಿದ್ದಿತ್ತು. ಅವನ ಎಡಗಾಲು ತನ್ನದಲ್ಲವೇನೋ ಎಂಬಂತೆ ಪಕ್ಕಕ್ಕೆ ಚಾಚಿಕೊಂಡಿತ್ತು. ಮುಖ ಬೆವರಿನಲ್ಲಿ ತೊಯ್ದಿತ್ತು.

"ಕಾಲು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ ಅಕ್ಕ," ಎಂದ.

ಮೇಲಿನಿಂದ ಪೆಟ್ಟಿಗೆಯ ಒಡೆಯ ಚಪ್ಪಲಿ ಸದ್ದು ಮಾಡುತ್ತಾ ಇಳಿದು ಬಂದ. ಇವರಿಬ್ಬರನ್ನು ದಾಟಿ ಕೆಳಗೆ ಹೋಗಿ ಪೆಟ್ಟಿಗೆಯ ಮೂಲೆ ಮುಟ್ಟಿ ನೋಡಿದ.

"ಒಳಗಿರೋದು ಒಡೆದಿಲ್ಲ ತಾನೆ?"

ಅಕ್ಕ ಅವನ ಮುಖವನ್ನೇ ದಿಟ್ಟಿಸಿದಳು. ಬಾಯಿಗೆ ಬಂದದ್ದನ್ನೆಲ್ಲ ನುಂಗಿ, "ಆಂಬುಲೆನ್ಸಿಗೆ ಫೋನ್ ಮಾಡಿ," ಎಂದಳು.

ಆಸ್ಪತ್ರೆಯಲ್ಲಿ ಬೆನ್ನುಮೂಳೆಗಳ ನಡುವಿನ ಮೆತ್ತೆ ಜಾರಿ ನರ ಒತ್ತಿದೆ, ಆಪರೇಷನ್ ಆಗಬೇಕು ಎಂದರು. ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ಅಕ್ಕನನ್ನು ತನ್ನ ಗಾಜಿನ ಕೋಣೆಗೆ ಕರೆದು ಕುರ್ಚಿ ಎಳೆದು ಕೂರಿಸಿದ. ಹನ್ನೊಂದು ವರ್ಷದಲ್ಲಿ ಆ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಪಾಪ, ಒಳ್ಳೆ ಹುಡುಗ. ಇದೊಂದು ಫಾರ್ಮ್ಯಾಲಿಟಿ ಅಕ್ಕ," ಎಂದು ಒಂದು ಹಾಳೆ ಮುಂದೆ ಸರಿಸಿದ. ಅಕ್ಷರಗಳು ಆಗಲೇ ಟೈಪಾಗಿದ್ದವು: ಭಾರದ ಪೆಟ್ಟಿಗೆ ಎತ್ತುವ ಮುನ್ನ ನೌಕರ ಯಾರ ಸಹಾಯವನ್ನೂ ಕೇಳಲಿಲ್ಲ, ನಿಯಮ ಮೀರಿ ಸ್ವಂತ ಹೊಣೆಯಲ್ಲಿ ಒಬ್ಬನೇ ಎತ್ತಿದ. ಇದು ನನಗೆ ತಿಳಿದಿರುವ ಸತ್ಯ. ಕೆಳಗೆ ಸಹಿಗೆ ಗೆರೆ.

"ಅವನು ಆಫೀಸಿಗೆ ಫೋನ್ ಮಾಡಿದ್ದ ಸಾರ್."

"ವಿಳಾಸ ಕೇಳೋಕೆ ಮಾಡಿದ್ದು ಅಂತ ಇಲ್ಲಿ ಬರೆದಿದೆ. ಸರಿ, ಸಹಾಯ ಕೇಳಿದ ಅಂತಾನೇ ಇಟ್ಕೊಳ್ಳೋಣ." ಅವನು ದನಿ ತಗ್ಗಿಸಿದ. "ಹಾಗಾದ್ರೆ ಯಾರ್‍ಯಾರನ್ನ ಕೇಳಿದ ಅನ್ನೋದೂ ಬರುತ್ತೆ. ಕಂಪನಿ ಕೊಟ್ಟ ಅವನ ಫೋನಲ್ಲಿ ನಿಮ್ಮ ನಂಬರೂ ಇದೆ. ಎರಡು ಮೂವತ್ತೊಂದಕ್ಕೆ. ನೀವು ಏನಂದ್ರಿ ಅಕ್ಕ?"

ಅವಳು ಹಾಳೆಯ ಕಡೆ ನೋಡಿದಳು. ಅವನೇ ಮುಂದುವರಿಸಿದ:

"ನಂಗೆ ಬೇಡ ಆ ಉತ್ತರ. ಯಾರಿಗೂ ಬೇಡ. ಅವನ ಹೆಂಡತಿ ನಾಳೆ ಅದನ್ನ ಕೇಳೋದೂ ಬೇಡ. ಕೇಳಲೇ ಇಲ್ಲ ಅಂದ್ರೆ ಎಲ್ಲಾ ಅಲ್ಲಿಗೇ ಮುಗೀತು. ಕಂಪನಿ ಅವನನ್ನ ಕೈಬಿಡಲ್ಲ, ಆ ಮಾತು ನಂದು."

ಅವಳು ಸಹಿ ಹಾಕಿದಳು. ಸ್ಪರ್ಶವಿಲ್ಲದ ಹೆಬ್ಬೆರಳಿನಲ್ಲಿ ಪೆನ್ನು ಸರಿಯಾಗಿ ಹಿಡಿಯಲು ಬರದೆ ಎರಡು ಸಲ ಬರೆಯಬೇಕಾಯಿತು. ಹೊರಗೆ ಬಂದಾಗ ಅವಳ ವ್ಯಾನಿಗೆ ಆ ದಿನದ ನೂರ ಎಂಬತ್ತೇಳು ಪಾರ್ಸೆಲ್ ತುಂಬಿಟ್ಟಿದ್ದರು. ಅದರಲ್ಲಿ ಮೂವತ್ತು ತಮ್ಮನ ದಾರಿಯವು.

ಆಪರೇಷನ್ ಆಗಿ ತಮ್ಮ ಮನೆಗೆ ಬಂದ. ನಡುಕೋಣೆಯಲ್ಲಿ ಗಟ್ಟಿ ಹಲಗೆಯ ಮಂಚ ಹಾಕಿ ಮಲಗಿಸಿದ್ದರು. ಭಾನುವಾರ ಅಕ್ಕ ಹೋದಾಗ ಅವನು ಗೆಲುವಾಗಿದ್ದ. "ಈ ಮಂಚ ಮಾಡಿದವನ ಕೈ ಮುರೀಲಿ. ಒಂದು ಕಾಲು ಕುಳ್ಳ," ಎಂದು ನಕ್ಕ. ಆಮೇಲೆ ತಾನಾಗೇ ಹೇಳಿದ: "ಪರಿಹಾರದ ಅರ್ಜಿ ಹಾಕಿದೀನಿ. ಆಫೀಸಿನವ್ರು ಏನಾದ್ರೂ ಹೇಳ್ಕೊಳ್ಳಲಿ, ನೀನಿದ್ದೀಯಲ್ಲ. ಅವತ್ತು ಏನಾಯ್ತು ಅಂತ ಗೊತ್ತಿರೋಳು ನೀನೊಬ್ಬಳೇ."

ಆಗ ಹೇಳಿಬಿಡಬಹುದಿತ್ತು. ಅವಳು ಎದ್ದು ಹೋಗಿ ಅವನಿಗೆ ನೀರು ತಂದುಕೊಟ್ಟಳು.

ಅರ್ಜಿ ತಿರಸ್ಕರಿಸಿದ ಕಂಪನಿಯ ಪತ್ರ ಸೀಸನ್ ಮುಗಿದ ಮೂರನೆಯ ದಿನ ಬಂತು. ಜೊತೆಗೆ ಅಕ್ಕನ ಸಹಿಯ ಹಾಳೆಯ ನಕಲು. ತಮ್ಮನ ಹೆಂಡತಿ ಫೋನು ಮಾಡಿ, "ಸ್ವಲ್ಪ ಬಂದು ಹೋಗಿ," ಎಂದಷ್ಟೇ ಹೇಳಿದಳು. ಹೋದಾಗ ಕೂರಿ ಎನ್ನಲಿಲ್ಲ. ಹಾಳೆ ಹಿಡಿದು, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ಹಾಳೆಯನ್ನು ಅಕ್ಕನ ಕೈಗೇ ಕೊಟ್ಟಳು.

"ಇದು ನಿಮ್ಮ ಸಹಿನಾ, ಅಥವಾ ಅವ್ರೇ ಮಾಡ್ಕೊಂಡಿದ್ದಾ? ಅವ್ರೇ ಮಾಡ್ಕೊಂಡಿದ್ದು ಅನ್ನಿ. ನಾನು ನಂಬ್ತೀನಿ."

"ನಂದೇ."

"ಅವತ್ತು ನೀವು ಬರಲ್ಲ ಅಂದಿದ್ದಕ್ಕೆ ಇವ್ರಿಗೆ ಬೇಜಾರಾಗಿಲ್ಲ ಕಣ್ರೀ. ನಂಗೆ ಫೋನ್ ವಿಷಯ ಹೇಳೇ ಇರಲಿಲ್ಲ ಇವ್ರು. ಅಕ್ಕಂಗೆ ಕೆಟ್ಟ ಹೆಸರು ಬರುತ್ತೆ ಅಂತ ಮುಚ್ಚಿಟ್ಟಿದ್ರು. ಇವತ್ತು ಈ ಕಾಗದ ಬಂದ ಮೇಲೆ ಹೇಳಿದ್ದು."

ತಮ್ಮ ಸೂರು ನೋಡುತ್ತಾ ಮಲಗಿದ್ದ. ಅಲ್ಲಿಂದಲೇ ಕೇಳಿದ, "ನಾನು ಕೇಳಿದ್ದೆ ಅಲ್ವಾ ಅಕ್ಕ?"

"ಕೇಳಿದ್ದೆ ಕಣೋ."

"ಹಾಗಾದ್ರೆ ಸರಿ. ನಂಗೇ ತಲೆ ಕೆಟ್ಟಿದೆಯೇನೋ ಅಂದ್ಕೊಂಡೆ." ಅವನು ಗೋಡೆಯ ಕಡೆ ಮುಖ ಮಾಡಿದ. "ಹೊತ್ತಾಯ್ತು. ನೀವು ಹೊರಡಿ."

ಆ 'ನೀವು' ಅವಳ ಎದೆಗೆ ನಾಟಿತು. ಅವಳು ಸೊಂಟದ ಮೇಲೆ ಹೊತ್ತು ಬೆಳೆಸಿದವನು ಅವನು. ಬೈಯುವಾಗಲೂ ಅವಳನ್ನು ಏಕವಚನದಲ್ಲೇ ಬೈದವನು.

ಮರುದಿನ ಅವಳು ಸೂಪರ್‌ವೈಸರ್ ಕೋಣೆಗೆ ಹೋಗಿ ನಿಂತೇ ಹೇಳಿದಳು. "ನಾನು ಬರೆದಿದ್ದು ಸುಳ್ಳು. ಅವನು ನಿಮ್ಮನ್ನೂ ಕೇಳಿದ್ದ, ನನ್ನನ್ನೂ ಕೇಳಿದ್ದ. ಕೇಳಿದಾಗ ಇಬ್ಬರೂ ಹೋಗಲಿಲ್ಲ. ವಾಪಸ್ ಕೊಡಿ ಅದನ್ನ."

"ಫೈಲು ಮೇಲೆ ಹೋಗಿದೆ ಅಕ್ಕ. ನನ್ನ ಕೈಲೇನಿದೆ?" ಅವನು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

ಅವಳು ಅಲ್ಲಿಗೆ ಬಿಡಲಿಲ್ಲ. ಕೈಬರಹದಲ್ಲಿ ಎರಡು ಪುಟ ಬರೆದು, ತಾನು ಫೋನಿನಲ್ಲಿ ಆಡಿದ ಮಾತನ್ನೂ ಅದರಲ್ಲಿ ಸೇರಿಸಿ, ಕಾರ್ಮಿಕ ಇಲಾಖೆಗೆ ಕೊಟ್ಟಳು. ಐದು ತಿಂಗಳ ಮೇಲೆ ವಿಚಾರಣೆ ನಡೆಯಿತು. ತಮ್ಮ ಊರುಗೋಲು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕೂತ. ಅವಳು ಎದ್ದು ನಿಂತು ಎಲ್ಲವನ್ನೂ ಹೇಳಿದಳು. ಕಂಪನಿಯ ವಕೀಲ ಕೇಳಿದ್ದು ಎರಡೇ ಪ್ರಶ್ನೆ.

"ಆಗ ಸುಳ್ಳು ಹೇಳಿದ್ರಾ, ಈಗ ಹೇಳ್ತಿದ್ದೀರಾ?"

"ಆಗ."

"ಸಹಿ ಹಾಕಿ ಸುಳ್ಳು ಹೇಳೋರು ನೀವು. ಒಡಹುಟ್ಟಿದವನಿಗೋಸ್ಕರ ಬಾಯಲ್ಲಿ ಸುಳ್ಳು ಹೇಳಲ್ಲ ಅಂತ ಹೇಗೆ ನಂಬೋದು?"

ಅವಳು ತಿರುಗಿ ತಮ್ಮನ ಕಡೆ ನೋಡಿದಳು. ಅವನು ಕಿಟಕಿಯ ಚೌಕಟ್ಟಿನ ಮರ ನೋಡುತ್ತಿದ್ದ.

ಘಟನೆಯ ಮರುದಿನವೇ ಕೊಟ್ಟ ಹೇಳಿಕೆ ಹೆಚ್ಚು ನಂಬಲರ್ಹ, ನಂತರದ್ದು ರಕ್ತಸಂಬಂಧಿಯ ತಡವಾದ ಮಾತು ಎಂದು ಅಧಿಕಾರಿ ಬರೆದರು. ಅರ್ಜಿ ಮತ್ತೆ ಬಿದ್ದುಹೋಯಿತು. ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಲಿಫ್ಟೇ ಇಲ್ಲದ ಹಳೆಯ ಕಟ್ಟಡಗಳ ಬಡಾವಣೆಗೆ ಹಾಕಿದರು, ಅಷ್ಟೇ. ಸೂಪರ್‌ವೈಸರ್ ಈಗಲೂ ಅವಳನ್ನು ಅಕ್ಕ ಎಂದೇ ಕರೆಯುತ್ತಾನೆ.

ತಮ್ಮನಿಗೆ ಕೂತು ಮಾಡುವ ಸಣ್ಣಪುಟ್ಟ ಮರಗೆಲಸ ಸಿಗುತ್ತದೆ. ಅರ್ಧ ಗಂಟೆ ಕೂತರೆ ಒಂದು ಗಂಟೆ ಮಲಗಬೇಕು. ವಾರದ ರಜೆಯ ದಿನ ಅಕ್ಕ ಯಾರದೋ ಕಾರು ಕೇಳಿ ತಂದು ಅವನನ್ನು ಕಾಲಿನ ವ್ಯಾಯಾಮ ಮಾಡಿಸುವವರ ಹತ್ತಿರ ಕರೆದೊಯ್ಯುತ್ತಾಳೆ. ಅವನು ಬೇಡ ಎನ್ನುವುದಿಲ್ಲ. ಕರೆದೊಯ್ಯಲು ಬೇರೆ ಯಾರೂ ಇಲ್ಲ. ಕಾಲು ಚಾಚಬೇಕು ಎಂದು ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿದರೆ ಅಲ್ಲೂ ಕಾಲು ಚಾಚಬಹುದು, ಅವಳು ಒಮ್ಮೆ ತಳ್ಳಿಯೂ ಇಟ್ಟಿದ್ದಳು. ಅವನು ಅದನ್ನು ನೋಡಿದ, ಹಿಂದಿನ ಬಾಗಿಲು ತೆಗೆದ.