ಒಬ್ಬ ನಿವಾಸಿ, ಕಾಂದಿವಲಿ

ಮತ್ತೆ ಅದೇ ಪದ, ಸ್ಟೇಕ್‌ಹೋಲ್ಡರ್, ಸಮ್ಮೇಳನ ಶುರುವಾದ ಬೆಳಗಿನಿಂದ ಎಷ್ಟನೆಯ ಸಲವೋ, ಹೇಳುತ್ತಿರುವವನ ತುಟಿಯ ಮೇಲೆ ಸಮೋಸಾದ ಎಣ್ಣೆ ಇನ್ನೂ ಮಿನುಗುತ್ತಿದೆ, ವಿಜೇತಾಳಿಗೆ ಅವನ ಮಾತಿಗಿಂತ ಆ ಎಣ್ಣೆಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ, ಏಸಿ ಎಷ್ಟು ಜೋರೆಂದರೆ ಮುಂಬಯಿಯ ಸೆಕೆಯ ಬಗ್ಗೆ ಚರ್ಚಿಸಲು ಬಂದವರೆಲ್ಲ ಶಾಲು ಹೊದ್ದು ಕೂತಿದ್ದಾರೆ, ಹೊರಗೆ ದಾದರ್ ಬೇಯುತ್ತಿದೆ, ಹೂವಿನ ಮಾರುಕಟ್ಟೆಯ ಕೊಳೆತ ಚೆಂಡುಹೂ ಅವಳ ಚಪ್ಪಲಿಗೆ ಅಂಟಿಕೊಂಡು ಒಳಗೂ ಬಂದಿದೆ, ಪಕ್ಕದ ಕುರ್ಚಿಯ ಹೆಂಗಸು ಆಗಲೇ ಮೂಗು ಸುಕ್ಕಿಸಿದಳು, ಸುಕ್ಕಿಸು ತಾಯೀ, ನಗರದ ವಾಸನೆಗಳ ಮೇಲೆಯೇ ತಾನೆ ನಿನ್ನ ಪ್ರಬಂಧ. ವೇದಿಕೆಯ ಹಿಂದೆ ಎಲ್ಲರ ಮುಂಬಯಿ ಎಂಬ ಬ್ಯಾನರು, ಎಲ್ಲರ ಎಂದರೆ ಕೊರಳಿಗೆ ಬಿಲ್ಲೆ ನೇತುಹಾಕಿಕೊಂಡವರ, ಉದ್ಘಾಟನೆಗೆ ಬಂದ ಅಧಿಕಾರಿ ದೀಪ ಹಚ್ಚಿ, ಸಾರ್ವಜನಿಕ ಸಾರಿಗೆಯೇ ನಮ್ಮ ಭವಿಷ್ಯ ಎಂದು ಸಾರಿ, ಕರಿಗಾಜಿನ ಕಾರು ಹತ್ತಿ ಹೋದ, ಆಮೇಲೆ ಹೆಂಗಸರ ಶೌಚಾಲಯಗಳ ಕೊರತೆಯ ಬಗ್ಗೆ ಒಂದಿಡೀ ಗೋಷ್ಠಿ, ಮುಗಿಸಿ ಹೋಗಿ ನೋಡಿದರೆ ಇಲ್ಲಿಯದಕ್ಕೇ ಬೀಗ, ಮೇಡಂ, ವರ್‌ಚ್ಯಾ ಮಜಲ್ಯಾವರ್ ಜಾ, ಎಂದು ಕಾವಲಿನವನು ಮೇಲೆ ಕೈ ತೋರಿಸಿದ, ಮೇಲಿನ ಮಹಡಿಯಲ್ಲಿ ಉದ್ದದ ಸಾಲು, ಸಾಲಿನಲ್ಲಿ ಅದೇ ಗೋಷ್ಠಿಯ ಅಧ್ಯಕ್ಷೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ ನಿಂತಿದ್ದಳು. ಬೊರಿವಲಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುವವಳಿಗೆ ಇಲ್ಲಿ ಏನು ಕೆಲಸ, ಹಾಜರಿಯ ಪ್ರಮಾಣಪತ್ರ ಬೇಕು, ಅದಿಲ್ಲದೆ ಬಡ್ತಿ ಇಲ್ಲ, ಅದಕ್ಕೇ ಬಂದದ್ದು — ಸುಳ್ಳು, ಪ್ರೀತಮ್ ಮಾತಾಡುತ್ತಾನೆಂದು ಗೊತ್ತಿತ್ತು, ಅವನನ್ನು ಎದುರಿಗೇ ಕೂತು ಮನಸಾರೆ ಹೀಗಳೆಯುವ ಸುಖ ಬಿಡಲಾರದೆ ಬಂದಳು.

ಎದ್ದ ನೋಡು, ಒಂದು ಕಾಲದ ಗಂಡ, ಈಗಿನ ನಗರತಜ್ಞ, ಲಿನನ್ ಅಂಗಿ, ಬೇಕೆಂದೇ ಕೆದರಿದ ಗಡ್ಡ, ಉಡುಪಿಯ ಅಪ್ಪನ ಹೋಟೆಲಿನ ಗಲ್ಲೆಯ ಹಿಂದೆ ಬೆಳೆದವನ ಇಂಗ್ಲಿಷು ಈಗ ಎಲ್ಲಿಯದೂ ಅಲ್ಲ, ಏರ್‌ಪೋರ್ಟಿನದು, ಸ್ನೇಹಿತರೇ, ಚಾಳಿನ ಗ್ಯಾಲರಿ ನಡೆದಾಡುವ ದಾರಿಯಲ್ಲ, ಅದೊಂದು ಉಸಿರಾಡುವ ಹೊಸ್ತಿಲು, ಎನ್ನುತ್ತಾನೆ, ಅಹಹ, ಮುಂದಿನ ಸಾಲಿನವರು ಉಸಿರಾಡುವ ಹೊಸ್ತಿಲು ಎಂದು ಬರೆದುಕೊಳ್ಳುತ್ತಾರೆ, ಕಾಂದಿವಲಿಯ ಅವಳ ತವರಿನ ಚಾಳಿನಲ್ಲಿ ಒಂದು ರಾತ್ರಿಯೂ ಉಳಿಯದ ಅಳಿಯ, ಸೊಳ್ಳೆ ವಿಜಿ, ನೋ ವೇ, ಎಂದು ಊಟವಾದದ್ದೇ ಸ್ಟೇಷನ್ನಿಗೆ ಓಡುತ್ತಿದ್ದವನು, ಈಗ ಕಣ್ಣು ಅರ್ಧ ಮುಚ್ಚಿ ಗ್ಯಾಲರಿಯ ಗಾಳಿಯನ್ನು ವರ್ಣಿಸುತ್ತಿದ್ದಾನೆ, ನಕ್ಕುಬಿಡಬೇಕು ಅನ್ನಿಸಿತು, ತುಟಿಯ ತನಕ ಬಂದೂ ಬಿಟ್ಟಿತ್ತು, ಅಷ್ಟರಲ್ಲಿ ಸ್ಲೈಡು ಬದಲಾಯಿತು. ಮೂಲೆಯಲ್ಲೊಂದು ಚಿತ್ರ, ಅದರ ಮೇಲೆಲ್ಲ ಕೆಂಪು ಬಾಣಗಳು, ಬಾಣಗಳ ತುದಿಗೆ ಗಾಳಿ, ಬೆಳಕು, ಆರೈಕೆ ಎಂಬ ಪದಗಳು, ನಡುವೆ ನೈಲಾನ್ ಪಟ್ಟಿಯ ಖಾಟು, ಖಾಟಿನ ಮೇಲೊಬ್ಬ ಮುದುಕಿ, ಕೆಳಗೆ ಅಚ್ಚುಕಟ್ಟಾಗಿ ಒಬ್ಬ ನಿವಾಸಿ, ಕಾಂದಿವಲಿ — ಅಮ್ಮ.

ಅಮ್ಮನೇ, ಅಪ್ಪಿ ಎಂಬ ಹೆಸರಿನವಳು, ಹೋಟೆಲಿನವರ ಮನೆಗಳಿಗೆ ಹಪ್ಪಳ ಒತ್ತಿ ಮಗಳನ್ನು ಎಂ.ಎ. ಓದಿಸಿದವಳು, ತಲೆ ಬಾಚದೆ, ಸೆರಗು ಸರಿಮಾಡದೆ ಗ್ಯಾಲರಿಗೆ ಕಾಲಿಟ್ಟವಳಲ್ಲ, ಬಟ್ಟೆ ಒಣಹಾಕಲಿಕ್ಕೂ ಮದುವೆಮನೆಗೆ ಹೊರಟಂತೆ ಹೊರಡುತ್ತಿದ್ದಳು, ಪಾರ್ಶ್ವವಾಯು ಬಡಿದ ಮೇಲೆ ಬಲಗಡೆ ಪೂರ್ತಿ ಹೋಯಿತು, ನಾಲಗೆಯೂ ಹೋಯಿತು, ಆ ಬೇಸಿಗೆ ಕೋಣೆಯ ತಗಡು ಕಾದು ಬೆಂಕಿ, ಪಕ್ಕದ ಖೋಲಿಯ ಮಹಾದೇವಿ, ವಿಜಾಪುರ ಕಡೆಯವಳು, ಬಾಗಿಲಲ್ಲಿ ನಿಂತು ಬೈದಳು, ಒಳಗ ಕುದ್ದು ಹೋಗ್ತಾಳವ್ವಾ ನಿಮ್ಮವ್ವ, ಖಾಟು ಹೊರಗ ಹಾಕ್ರಿ, ಗಾಳೀರ ಬರ್ತದ, ಅದಕ್ಕೆ ಹಾಕಿದ್ದು, ಬೇರೆ ದಾರಿ ಇರಲಿಲ್ಲವೆಂದು ಹಾಕಿದ್ದು, ಹೊಸ್ತಿಲು ಉಸಿರಾಡಲಿ ಎಂದಲ್ಲ ಕಣೋ. ಮಾತು ಹೋದ ಮೇಲೆ ಅಮ್ಮನಿಗೆ ಉಳಿದದ್ದು ಎಡಗೈ ಒಂದೇ, ಪಟ್ಟಿಗೆ ತಟ್ಟಿದರೆ ನೀರು, ಗಾಳಿಯಲ್ಲಿ ಬೀಸಿದರೆ ಬೇಡ, ತೆರೆದ ಅಂಗೈ ಎಂದರೆ ನೀನು ಉಂಡೆಯಾ, ಆ ಕೈಯ ಭಾಷೆ ಮನೆಯಲ್ಲಿ ಎಲ್ಲರಿಗೂ ಬರುತ್ತಿತ್ತು, ಪ್ರೀತಮನಿಗೂ ಬರುತ್ತಿತ್ತು, ಅದು ನಿಜ, ಭಾನುವಾರ ಬಂದರೆ ನೀರುದೋಸೆಯನ್ನು ಚೂರು ಮಾಡಿ ತಿನ್ನಿಸುತ್ತಿದ್ದ, ಬಾಯಿ ಒರೆಸುತ್ತಿದ್ದ, ಇದನ್ನು ಎಲ್ಲಿಡಬೇಕೋ ವಿಜೇತಾಳ ತಿರಸ್ಕಾರಕ್ಕೆ ಗೊತ್ತಾಗುವುದಿಲ್ಲ, ಅದು ಆಗಾಗ ಕಾಲಿಗೆ ತೊಡರುತ್ತದೆ, ದಾಟಿ ಹೋಗುತ್ತಾಳೆ. ಅವಳು ಕೆಳಗೆ ಮೆಡಿಕಲ್ಲಿಗೆ ಹೋಗಿದ್ದಾಗ ಈ ಚಿತ್ರ ತೆಗೆದಿರಬೇಕು, ಒಂಜಿ ನಿಮಿಷ ಉಂತುಲೆ ಮಾಮಿ, ಎಂದಿರುತ್ತಾನೆ, ಒಂದು ನಿಮಿಷ ಇರಿ ಅತ್ತೆ, ಆ ಸಿಹಿ ತುಳುವಿನಲ್ಲಿ, ಆಮೇಲೆ ಹೇಳಲೂ ಇಲ್ಲ, ತೋರಿಸಲೂ ಇಲ್ಲ, ಅಮ್ಮ ಹೋದಳು, ಮದುವೆಯೂ ಹೋಯಿತು, ಇದನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡಿದ್ದಾನೆ, ಎಷ್ಟು ಊರುಗಳಲ್ಲಿ, ಎಷ್ಟು ಗೋಡೆಗಳ ಮೇಲೆ ಅಮ್ಮನನ್ನು ಹೀಗೆ ಮಲಗಿಸಿದ್ದಾನೋ.

ಚಪ್ಪಾಳೆ, ಪ್ರಶ್ನೆಗಳುಂಟೇ, ಎಂದರು ಈ ಗೋಷ್ಠಿಯ ಅಧ್ಯಕ್ಷರು, ವಿಜೇತಾಳ ಕೈ ತಾನಾಗಿ ಮೇಲೆದ್ದಿತ್ತು, ಮೈಕು ಬಂತು, ತಣ್ಣಗಿತ್ತು, ಆ ನಿವಾಸಿಗೆ ಹೆಸರಿಲ್ಲವೇ, ಎಂದು ಕೇಳಿದಳು. ಪ್ರೀತಮ್ ಆಗ ಅವಳನ್ನು ಕಂಡ, ಗಡ್ಡಕ್ಕೆ ಕೈ ಹೋಯಿತು, ಸಂಶೋಧನೆಯ ನೈತಿಕತೆ ನೋಡಿ, ಗುರುತು ಮರೆಮಾಚುವುದು ನಿಯಮ, ಎಂದ, ಮುಖ ತೋರಿಸಿ ಹೆಸರು ಮುಚ್ಚುವುದು ಯಾವ ನಿಯಮ, ಎಂದಳು ಅವಳು, ಅವಳ ಹೆಸರು ಅಪ್ಪಿ, ನನ್ನ ಅಮ್ಮ, ಚಿತ್ರ ತೆಗೆದದ್ದು ಅವಳ ಅಳಿಯ, ಇಲ್ಲೇ ನಿಂತಿದ್ದಾರಲ್ಲ. ಈಗ ಈ ಸಭೆಗೆಲ್ಲ ನಾಚಿಕೆಯಾಗುತ್ತದೆ ಎಂದುಕೊಂಡಳು, ಎಂಥ ಪೆದ್ದಿ, ಚಪ್ಪಾಳೆ ಬಿತ್ತು, ಪ್ರೀತಮನಿಗೆ ಬಿದ್ದದ್ದಕ್ಕಿಂತ ಜೋರಾಗಿ, ಅಧ್ಯಕ್ಷರು ಕನ್ನಡಕ ತೆಗೆದು, ಇದೇ ನೋಡಿ ಅನುಭವದ ದನಿ, ಇಂಥದಕ್ಕೇ ನಾವು ಸಮ್ಮೇಳನ ಮಾಡುವುದು, ಎಂದರು, ಮೂಗು ಸುಕ್ಕಿಸಿದವಳು ಮಣಿಕಟ್ಟು ಹಿಡಿದು, ಸೋ ಬ್ರೇವ್ ಯಾರ್, ಇದನ್ನ ನೀವು ಬರೀಲೇಬೇಕು, ನಮ್ಮದೊಂದು ಸಂಪುಟ ಬರ್ತಾ ಇದೆ, ಎಂದು ಪಿಸುಗುಟ್ಟಿದಳು, ಮತ್ತು ವಿಜೇತಾ — ಥೂ, ಅದನ್ನೂ ಹೇಳಿಬಿಡಬೇಕು — ಒಂದು ಗಳಿಗೆ ಅವಳಿಗೆ ಅದು ಹಿತವಾಯಿತು, ತಲೆಯೊಳಗೆ ಒಂದು ಶೀರ್ಷಿಕೆ ಕೂಡ ಅರಳತೊಡಗಿತ್ತು, ಬೆಳಗಿನಿಂದ ಇವರ ಮೇಲೆಲ್ಲ ಉಗಿಯಲು ಕೂಡಿಟ್ಟದ್ದು ತನ್ನ ಬಾಯಲ್ಲೇ ಕಹಿಯಾಗಿ ತಿರುಗಿತು.

ಆ ಚಿತ್ರ ತೆಗೆಯಿರಿ, ಎಂದಳು, ಚಪ್ಪಾಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ, ಪ್ರೀತಮನಿಗೆ ಕೇಳಿಸಿತು, ತಡಬಡಿಸಿ ರಿಮೋಟು ಒತ್ತಿದ, ಬಾಣಗಳು ಹೋದವು, ಪದಗಳು ಹೋದವು, ಚಿತ್ರ ಹೋಗಲಿಲ್ಲ, ಗೋಡೆಯಗಲ ಹಿಗ್ಗಿ ನಿಂತಿತು. ಆಗ ಕಂಡಿತು, ಆರೈಕೆ ಎಂಬ ಪದ ಮುಚ್ಚಿಟ್ಟಿದ್ದ ಜಾಗ, ಅಮ್ಮನ ಸೀರೆ ಮೊಣಕಾಲಿನಿಂದ ಮೇಲೆ ಸರಿದಿದೆ, ಎಡಗೈ ಅದರ ಅಂಚನ್ನು ಹಿಡಿದು ಕೆಳಕ್ಕೆಳೆಯುತ್ತಿದೆ, ಬೆರಳ ಗಿಣ್ಣುಗಳು ಬಿಳಿಚಿವೆ. ವಿಜೇತಾ ವೇದಿಕೆಯ ಮೆಟ್ಟಿಲು ಹತ್ತಿದಳು, ಯಾರೋ ಭುಜ ಮುಟ್ಟಿದರು, ಕೊಡವಿದಳು, ವಿಜಿ, ಮಾಮಿ ನಗ್ತಾ ಇದ್ರು ಮಾರಾಯ್ತಿ, ಪ್ರಾಮಿಸ್, ಎನ್ನುತ್ತ ಪ್ರೀತಮ್ ಗೋಡೆಯ ಕಡೆ ತಿರುಗಿದ, ನೋಡಿದ, ಒಂದು ಹೆಜ್ಜೆ ಹಿಂದೆ ಸರಿದ, ಅಮ್ಮನ ಕೈಯ ಭಾಷೆ ಬಲ್ಲವನಲ್ಲವೇ, ವಿಜೇತಾ ಪರದೆಗೆ ಬೆನ್ನು ಕೊಟ್ಟು, ಸೆರಗು ಅಗಲಿಸಿ ನಿಂತಳು, ಕಣ್ಣಿಗೆ ಪ್ರೊಜೆಕ್ಟರಿನ ಬೆಳಕು ಕುಕ್ಕಿತು, ಸಭೆ ಕುರುಡಾಯಿತು, ಮುಚ್ಚಿದೆ ಎಂದುಕೊಂಡಳು, ತಗ್ಗಿ ನೋಡಿದರೆ ಗೋಡೆಯ ಮೇಲಿದ್ದದ್ದು ಅವಳ ಮೇಲೆ ಬಿದ್ದಿದೆ, ಮೊಣಕಾಲು ಅವಳ ಹೊಟ್ಟೆಯ ಮೇಲೆ, ಎದೆಯ ಮೇಲೆ ಆ ಕೈ, ಎಡಕ್ಕೆ ಸರಿದಳು, ಬಲಕ್ಕೆ ಸರಿದಳು, ಆ ಕೈ, ಅಂಚು ಹಿಡಿದ ಕೈ, ಎಳೆಯುತ್ತಿದೆ, ಇನ್ನೂ ಎಳೆಯುತ್ತಿದೆ, ಮೊಣಕಾಲಿಗೆ ಮುಟ್ಟಿಲ್ಲ, ಬಿಳಿಚಿದ ಗಿಣ್ಣು, ಆ ಕೈ —